ಮೂವರ ಸೋಫಾ

“ಬಾಳೆಹಣ್ಣಿನ ಮೇಲೆ ಕೂರೋದಾದ್ರೆ ಈಗ್ಲೇ ಹೇಳ್ಬಿಡ್ತೀನಿ, ನನ್ನ ಮಗ ಮುಂದೂ ಕೂರಲ್ಲ, ಹಿಂದೂ ಕೂರಲ್ಲ. ಮುಂದೆ ಕೂತ್ರೆ ಮುಖಕ್ಕೆ ನೀರು ರಾಚುತ್ತೆ, ಹಿಂದೆ ಕೂತ್ರೆ ನಾಯಿ ಬಾಲ ಆಡಿಸ್ದಂಗೆ ಆಡಿಸಿಬಿಡುತ್ತೆ. ಅವನಿಗೆ ನಡುವೇನೇ ಇಷ್ಟ.”

ಹೀಗೆಂದವಳು ಉಮ್ಮ್ ಹೈಥಮ್, ಅಂದರೆ ಹೈಥಮನ ತಾಯಿ. ಹೈಥಮ್ ಅವಳ ಪಕ್ಕದಲ್ಲೇ ನಿಂತಿದ್ದ. ಮೂವತ್ತರ ಹತ್ತಿರದ ಎತ್ತರದ ಆಳು, ಬಂದರಿನ ಶೀತಲ ಗೋದಾಮಿನ ಯಂತ್ರಗಳನ್ನು ನೋಡಿಕೊಳ್ಳುವವನು. ತನಗೆ ಇಷ್ಟವಾದದ್ದು ಯಾವುದೆಂಬ ಸುದ್ದಿ ತನಗೂ ಈಗಷ್ಟೇ ತಲುಪಿತು ಎಂಬಂತೆ ತಾಯಿಯ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಾತು ಮುಂದಕ್ಕೆ ಹೋಗಿಬಿಟ್ಟಿತ್ತು, ಬಾಯಿ ಮುಚ್ಚಿಕೊಂಡ.

ಇದನ್ನೆಲ್ಲ ಇನ್ಸಾಫ್ ಓರೆಗಣ್ಣಿನಿಂದ ನೋಡುತ್ತಿದ್ದಳು. ನೋಡುವುದಕ್ಕೆಂದೇ ಅವಳನ್ನು ಕರೆತಂದಿದ್ದರು. ಜೋರ್ಡಾನಿನ ಬಂದರು ಅಕಬಾದ ಹಳೇ ಪೇಟೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಅಕ್ಕನ ಮಗಳು ಹನೀನಳಿಗೂ ಈ ಹೈಥಮನಿಗೂ ಫಾತಿಹಾ ಓದಿ ಮಾತು ಗಟ್ಟಿಯಾಗಿತ್ತು, ಬರುವ ಗುರುವಾರ ನಿಕಾಹ್. ಸಹಿ ಬೀಳುವವರೆಗೂ ಹುಡುಗ ಹುಡುಗಿ ಇಬ್ಬರನ್ನೇ ಬಿಡುವ ಹಾಗಿಲ್ಲ, ನಡುವೆ ಯಾರಾದರೂ ಇರಲೇಬೇಕು. ಆ ಮನೆತನದಲ್ಲಿ ‘ಯಾರಾದರೂ’ ಎಂದರೆ ಇನ್ಸಾಫ್. ಹನೀನಳ ಅಕ್ಕಂದಿರ ಕಾಲದಲ್ಲೂ ಅವಳೇ. ಎಲ್ಲರ ಮದುವೆಗೆ ಮುಂಚಿನ ಪಟಗಳಲ್ಲೂ ಎಡಗಡೆ ಒಂದು ನಾಚಿದ ಮುಖ, ಬಲಗಡೆ ಒಂದು ನಾಚಿದ ಮುಖ, ನಡುವೆ ತುಂಬಿಕೊಂಡು ಇನ್ಸಾಫ್. ಮೊಮ್ಮಕ್ಕಳು ಆ ಪಟ ನೋಡಿ, “ತಾತ ಯಾರನ್ನ ಮದುವೆಯಾಗಿದ್ದು?” ಎಂದು ಕೇಳಬೇಕು, ಹಾಗೆ.

ಹೊರಡುವ ಮುಂಚೆ ಭಾವ, ಅಂದರೆ ಹನೀನಳ ಅಪ್ಪ, ಇನ್ಸಾಫಳನ್ನು ಕರೆದು ಹೇಳಿದ್ದ, “ನೋಡು ಇನ್ಸಾಫ್, ನೆಲದ ಮೇಲಾಗ್ಲಿ ನೀರಿನ ಮೇಲಾಗ್ಲಿ, ಲೆಕ್ಕ ಒಂದೇ. ನೀನು ನಡುವೆ.”

“ನನ್ನ ಅಗಲ ನೋಡಿಯೇ ಈ ಕೆಲಸ ಕೊಟ್ಟಿದೀಯ ಅಂತ ಗೊತ್ತು ಬಿಡು,” ಎಂದಿದ್ದಳು ಅವಳು.

ಈಗ ಭಾವ, ಅಕ್ಕ ಇಬ್ಬರೂ ತೀರದ ಮೇಲೆ ಮಾಂಸದ ಕಡ್ಡಿಗಳನ್ನು ಕೆಂಡಕ್ಕಿಡುತ್ತಿದ್ದರು. ಶುಕ್ರವಾರದ ಮಧ್ಯಾಹ್ನ, ನಮಾಜು ಮುಗಿಸಿಕೊಂಡು ಊರಿಗೆ ಊರೇ ದಕ್ಷಿಣದ ದಂಡೆಗೆ ಇಳಿದಿತ್ತು. ಭಾವ ಬೆಂಕಿಗೆ ಬೀಸಣಿಗೆ ಬೀಸುತ್ತಿದ್ದರೂ ಕಣ್ಣು ದೋಣಿಕಟ್ಟೆಯ ಮೇಲೇ ಇತ್ತು.

ಕಟ್ಟೆಯ ಬುಡದ ಮರಳಿನಲ್ಲಿ ಕ್ಯಾಪ್ಟನ್ ಶ್ತೇವಿ ತನ್ನ ಗಾಳಿಗೊಂಬೆಗಳನ್ನೆಲ್ಲ ಸಾಲಾಗಿ ಹರಡಿಕೊಂಡಿದ್ದ. ಹಗ್ಗ ಕಟ್ಟಿ ದೋಣಿಯ ಹಿಂದೆ ಎಳೆಯುವವು. ಆರು ಜನ ಸಾಲಾಗಿ ಕೂರುವ ಹಳದಿ ಬಾಳೆಹಣ್ಣು. ಇಬ್ಬರು ಬೋರಲಾಗಿ ಮಲಗುವ ನೀಲಿ ಬಳೆ. ಒಬ್ಬನೇ ಮಂಡಿಯೂರುವ ಚಪ್ಪಟೆ ತಟ್ಟೆ. ಬೆನ್ನಿಗೆ ಒರಗು, ಕೈಗೆ ಹಿಡಿಕೆಗಳೆಲ್ಲ ಇದ್ದ ಮೂರಾಳಿನ ಕೆಂಪು ಸೋಫಾ. ಮೀಸೆಯ ಕೆಳಗೆ ಸಿಗರೇಟು ಸಿಕ್ಕಿಸಿಕೊಂಡು, ಕುರಿ ಮಾರುವವನ ಹಾಗೆ ಒಂದೊಂದರ ಪಕ್ಕೆಗೂ ಪಟಾರನೆ ಹೊಡೆದು ತೋರಿಸುತ್ತಿದ್ದ.

“ನೋಡಿ ಹಜ್ಜಾ, ಕಲ್ಲಿದ್ದಂಗಿದೆ. ಬೆಳಿಗ್ಗೆ ಗಾಳಿ ತುಂಬಿದ್ದು.”

“ಹಜ್ಜಾ ಅಂತ ಯಾರನ್ನ ಕರೀತಿದೀಯ?” ಎಂದಳು ಇನ್ಸಾಫ್. “ಹಜ್‌ಗೆ ನಾನಿನ್ನೂ ಹೋಗಿಲ್ಲ. ಹೋದ್ಮೇಲೆ ನಾನೇ ಬಂದು ಹೇಳ್ತೀನಿ, ಆಗ ಕರಿ.”

“ಆಯ್ತಕ್ಕಾ. ಹಾಗಾದ್ರೆ ಮದುಮಗನ್ನೇ ಕೇಳೋಣ. ಏನಪ್ಪಾ ಮದುಮಗಾ, ನಿನಗೆ ಯಾವುದು?”

“ಬಾಳೆಹಣ್ಣು,” ಎಂದಳು ಉಮ್ಮ್ ಹೈಥಮ್. “ಅವನಿಗೆ ಬಾಳೆಹಣ್ಣೇ. ಎಲ್ಲರೂ ಒಂದೇ ಸಾಲಲ್ಲಿ, ಬಸ್ಸಲ್ಲಿ ಕೂತಂಗೆ, ಗೌರವವಾಗಿ.”

ಹನೀನ್ ಇನ್ಸಾಫಳ ತೋಳನ್ನು ಮೆಲ್ಲಗೆ ಚಿವುಟಿದಳು. ನೋಡಿದ್ಯಾ ಎಂಬ ಚಿವುಟು ಅದು.

ಇನ್ಸಾಫಳಿಗೆ ಬೆಳಗಿನ ಮಾತು ನೆನಪಾಯಿತು. ಅಡುಗೆಮನೆಯಲ್ಲಿ ಟೊಮೇಟೊ ತೊಳೆಯುತ್ತ ಹನೀನ್ ಇದ್ದಕ್ಕಿದ್ದಂತೆ ನಲ್ಲಿ ನಿಲ್ಲಿಸಿ, “ಖಾಲಾ, ನಾನು ಗುರುವಾರ ಸಹಿ ಹಾಕಲ್ವೇನೋ,” ಎಂದಿದ್ದಳು. ಚಿಕ್ಕಮ್ಮನ ಕೈಯ ಸೌತೆಕಾಯಿ ಅಲ್ಲೇ ನಿಂತಿತು. ಈ ಸಂಬಂಧ ಕುದುರಿಸಿದವಳೇ ಇನ್ಸಾಫ್. ಉಮ್ಮ್ ಹೈಥಮ್ ಅವಳ ಅಂಗಡಿಗೆ ಬಟ್ಟೆ ಹೊಲಿಸಲು ಬಂದವಳು. ಅಳತೆ ತೆಗೆಯುವಾಗ ಮಾತು ಬೆಳೆದು, ನಿನಗೊಬ್ಬ ಮಗ ನಮಗೊಬ್ಬಳು ಹುಡುಗಿ ಎಂಬಲ್ಲಿಗೆ ಬಂದು ನಿಂತಿತ್ತು.

“ಹುಡುಗ ಕೆಟ್ಟವನೇನೇ?”

“ಕೆಟ್ಟವನಾ ಒಳ್ಳೆಯವನಾ ಅಂತ ಗೊತ್ತಾಗೋಕೆ ಬಾಯಿ ಬಿಡ್ಬೇಕಲ್ಲ ಖಾಲಾ! ನಮ್ಮನೆಗೆ ಎಷ್ಟು ಸಲ ಬಂದ. ಚಹಾಕ್ಕೆ ಸಕ್ಕರೆ ಎಷ್ಟು ಅಂತ ಕೇಳಿದ್ರೂ ಅವರಮ್ಮನೇ ಹೇಳ್ತಾರೆ. ಮನೆ ಎಲ್ಲಿ ಮಾಡೋಣ ಅಂದ್ರೂ ಅವರಮ್ಮನೇ. ನನಗೆ ಒಂದೇ ಒಂದು ಕೇಳ್ಬೇಕು. ನಾನು ಬೇಕು ಅಂದಿದ್ದು ಅವನಾ, ಅವರಮ್ಮನಾ? ಅಷ್ಟೇ. ಅವನ ಬಾಯಿಂದ ಕೇಳ್ಬೇಕು.”

“ಫೋನಲ್ಲಿ ಕೇಳ್ಬಾರದಾ?”

“ಕೇಳ್ದೆ. ಗುಲಾಬಿ ಹೂವಿನ ಚಿತ್ರ ಕಳಿಸ್ದ. ಹೂವನ್ನ ಯಾರು ಬೇಕಾದ್ರೂ ಕಳಿಸ್ಬಹುದು, ಅವರಮ್ಮನೂ ಕಳಿಸ್ಬಹುದು. ಇವತ್ತು ಸಮುದ್ರದ ಮೇಲೆ ಕೇಳ್ತೀನಿ. ಇವತ್ತೂ ಹೇಳ್ಲಿಲ್ಲ ಅಂದ್ರೆ ರಾತ್ರಿ ಬಾಬಾಗೆ ಹೇಳ್ಬಿಡ್ತೀನಿ, ಬೇಡ ಅಂತ.”

ಹುಡುಗಿ ಹೇಳಿದ ಹಾಗೆ ಮಾಡುವವಳೇ. ಕನ್ನಡಕದ ಅಂಗಡಿಯಲ್ಲಿ ಕೆಲಸ ಅವಳಿಗೆ. ಗಿರಾಕಿ ಎಷ್ಟೇ ಗೊಣಗಲಿ, ಕಣ್ಣಿಗೆ ಹೊಂದದ ಗಾಜನ್ನು ಕೊಟ್ಟು ಕಳಿಸುವವಳಲ್ಲ.

ಆ ಹನೀನ್ ಈಗ ಸಾಲಾಗಿದ್ದ ಗಾಳಿಗೊಂಬೆಗಳ ಮುಂದೆ ಎರಡು ಹೆಜ್ಜೆ ಇಟ್ಟು, ನೀಲಿ ಬಳೆಯ ಮೇಲೆ ಕೈಯಿಟ್ಟಳು.

“ನನಗೆ ಇದು.”

ಕ್ಯಾಪ್ಟನ್ ಸಿಗರೇಟನ್ನು ಬಾಯಿಂದ ತೆಗೆದ. ಇಬ್ಬರು ಭುಜಕ್ಕೆ ಭುಜ ತಾಗಿಸಿ ಬೋರಲು ಮಲಗುವ ಬಳೆ. ದೂರದಲ್ಲಿ ಭಾವನ ಬೀಸಣಿಗೆ ನಿಂತುಹೋಗಿತ್ತು.

“ಗುರುವಾರ ಆದ್ಮೇಲೆ ಅದನ್ನ ತಗೊಂಡು ಸೌದಿ ತನಕ ಬೇಕಾದ್ರೂ ಹೋಗಿ,” ಎಂದಳು ಇನ್ಸಾಫ್. “ಇವತ್ತಿಗೆ ಸೋಫಾ. ಮೂವರದ್ದು.”

“ಸೋಫಾದ ಮೇಲೆ ಕೂತು ಟೀವಿ ನೋಡೋಕೆ ಬಂದಿದೀವಾ ಖಾಲಾ?”

“ಟೀವಿ ಬೇಡ, ನನ್ನನ್ನೇ ನೋಡ್ತಿರು.”

ಹೈಥಮ್ ಯಾರಿಗೂ ಏನೂ ಹೇಳದೆ ಸೋಫಾದ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ. ಹೊಲಿಗೆಯ ಗುಂಟ ಹೆಬ್ಬೆರಳಿನಿಂದ ಒತ್ತಿದ. ಹಗ್ಗದ ಗಂಟನ್ನು ಎಳೆದು ನೋಡಿ, ಬಿಚ್ಚಿ, ಮತ್ತೆ ಕಟ್ಟಿದ. ಇನ್ಸಾಫ್ ಅದನ್ನು ಗಮನಿಸಿ ಮನಸ್ಸಿನಲ್ಲೇ ತಲೆದೂಗಿದಳು. ಕೈಗಳಿಗೆ ಮಾತು ಬರುತ್ತದೆ, ಬಾಯಿಗೇ ಏನೋ ಆಗಿದೆ.

“ಭಾರ ಇರೋರು ನಡುವೆ ಕೂರ್ಬೇಕು,” ಎಂದ ಕ್ಯಾಪ್ಟನ್, ಯಾರ ಕಡೆಗೂ ನೋಡದೆ. “ಇಲ್ಲಾಂದ್ರೆ ತಿರುವಲ್ಲಿ ಮಗುಚಿಕೊಳ್ಳುತ್ತೆ.”

“ಯಾರ ಭಾರ ಅಂತ ಹೆಸರು ಹಿಡಿದು ಹೇಳು, ಹೆದರ್ಕೋಬೇಡ.”

“ಗಾಳಿ ಭಾರದ ಮಾತು ಹೇಳಿದ್ನಕ್ಕಾ.”

ಉಮ್ಮ್ ಹೈಥಮ್ ನೀರಿಗಿಳಿಯುವವಳಲ್ಲ. ಕೈತುಂಬ ಚಿನ್ನದ ಬಳೆ, ಕಾಲಿಗೆ ಹಿಮ್ಮಡಿ ಎತ್ತರದ ಚಪ್ಪಲಿ. ಅವಳು ದೋಣಿಯಲ್ಲೇ ಕೂತು ನೋಡಿಕೊಳ್ಳುತ್ತೇನೆ ಎಂದಳು. ಕ್ಯಾಪ್ಟನ್ನಿಗೆ ಅದೇ ಬೇಕಿತ್ತು. “ಬನ್ನಿ ಬನ್ನಿ, ನನಗೂ ಒಬ್ಬರು ಬೇಕು. ನಾನು ಮುಂದೆ ನೋಡ್ಕೊಂಡು ಓಡಿಸ್ಬೇಕು, ನೀವು ಹಿಂದೆ ನೋಡ್ಬೇಕು. ನೀರಿನ ಮೇಲಿರೋರ ಮಾತು ಇಂಜಿನ್ ಸದ್ದಿಗೆ ಕೇಳ್ಸಲ್ಲ. ಹೆಬ್ಬೆರಳು ಮೇಲೆ ಮಾಡಿದ್ರೆ ಜೋರು, ಕೆಳಗೆ ಮಾಡಿದ್ರೆ ನಿಧಾನ. ಬಿದ್ದೋರು ಕೈ ಎತ್ತಿದ್ರೆ ಪೆಟ್ಟಾಗಿಲ್ಲ ಅಂತ. ಅವರು ಏನು ತೋರಿಸ್ತಾರೋ ಅದನ್ನ ನನಗೆ ಹೇಳಿ. ಅಷ್ಟೇ ಕೆಲಸ.”

“ಅವರು ತೋರಿಸೋದೇನು, ನಾನೇ ಹೇಳ್ತೀನಲ್ಲ. ನಿಧಾನ ಹೋಗು. ಅವನ ಹೊಟ್ಟೆ ಸೂಕ್ಷ್ಮ.”

“ದೋಣೀಲಿರೋರ ಮಾತು ನಾನು ಕೇಳಲ್ಲಮ್ಮಾ. ನೀರಲ್ಲಿರೋರದ್ದು ಮಾತ್ರ. ನಮ್ಮಪ್ಪನ ಕಾಲದಿಂದ ಹಾಗೇನೇ.”

ಉಮ್ಮ್ ಹೈಥಮ್ ಮೂಗು ಮುರಿದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ದೋಣಿ ಹತ್ತಿದಳು.

ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದುಕೊಂಡು ಮೂವರೂ ಸೋಫಾ ಏರಿದರು. ಎಡಕ್ಕೆ ಹನೀನ್, ಬಲಕ್ಕೆ ಹೈಥಮ್, ನಡುವೆ ನೀಳ ಅಂಗಿ, ಈಜುವ ತಲೆವಸ್ತ್ರ ತೊಟ್ಟ ಇನ್ಸಾಫ್. ಕೂತದ್ದೇ ತಡ ಸೋಫಾ ನಡುವಿನಲ್ಲಿ ಗುಳಿ ಬಿದ್ದು, ಎರಡೂ ತುದಿಗಳು ಮೇಲೆದ್ದವು. “ಏನೂ ಹೇಳ್ಬೇಡ,” ಎಂದು ಅವಳು ಹನೀನಳಿಗೆ ಮೊದಲೇ ಎಚ್ಚರಿಕೆ ಕೊಟ್ಟಳು. ಹಗ್ಗ ನೀರಿನಿಂದ ತೊಟ್ಟಿಕ್ಕುತ್ತ ಮೇಲೆದ್ದು ಬಿಗಿಯಾಯಿತು, ಸೋಫಾ ಹೊರಟಿತು.

ಮೊದಲ ಸುತ್ತು ಎತ್ತಿನ ಗಾಡಿಯ ಹಾಗೆ. ಅಲೆಯ ಮೇಲೆ ಮೆಲ್ಲನೆ ಏರಿ, ಮೆಲ್ಲನೆ ಇಳಿದು, ಪಾದಗಳಿಗೆ ತಣ್ಣನೆ ನೀರು ಸವರಿಕೊಂಡು ಹೋಗುತ್ತಿತ್ತು. ಅತ್ತ ಈಜಿಪ್ಟಿನ ಸೀನಾಯಿ ಬೆಟ್ಟಗಳು, ಇತ್ತ ತಮ್ಮ ಬೆಟ್ಟಗಳು, ಎರಡೂ ಬಿಸಿಲಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಇನ್ಸಾಫಳಿಗೆ ನಿಜವಾಗಿ ಹಾಯೆನಿಸಿತು. ಹೊಲಿಗೆ ಯಂತ್ರದ ಮುಂದೆ ಬಾಗಿ ಬಾಗಿ ಹಿಡಿದುಕೊಂಡಿದ್ದ ಸೊಂಟವನ್ನು ಯಾರೋ ಕೆಳಗಿನಿಂದ ತಟ್ಟಿ ತಟ್ಟಿ ಬಿಡಿಸಿದಂತಿತ್ತು.

“ಹೈಥಮ್,” ಎಂದಳು ಹನೀನ್, ಚಿಕ್ಕಮ್ಮನ ಎದೆಯ ಮುಂದಿನಿಂದ ಬಾಗಿ. “ನಿನ್ನನ್ನ ಒಂದು ಕೇಳ್ಬೇಕು.”

ಹೈಥಮ್ ಗಂಟಲು ಸರಿಮಾಡಿಕೊಂಡ. ಇನ್ಸಾಫ್ ಕಡೆ ನೋಡಿದ. “ಖಾಲಾ, ನೀವು ಆರಾಮಾಗಿದೀರಾ?”

“ನಾನು ಆರಾಮಾಗಿದೀನಪ್ಪಾ. ಅವಳು ಕೇಳ್ತಿರೋದು.”

“ಹ್ಞೂಂ,” ಎಂದ. ಮತ್ತೆ ಗಂಟಲು ಸರಿಮಾಡಿಕೊಂಡ. “ಹಿಡಿಕೆ ಗಟ್ಟಿಯಾಗಿದೆಯಲ್ವಾ ಖಾಲಾ?”

ಹನೀನ್ ಹಿಂದಕ್ಕೊರಗಿ ಆಕಾಶ ನೋಡತೊಡಗಿದಳು. ಆ ನೋಟ ಇನ್ಸಾಫಳಿಗೆ ಗೊತ್ತಿತ್ತು. ಗಿರಾಕಿಗೆ ಇದು ಹೊಂದಲ್ಲ ಎಂದು ಗೊತ್ತಾದ ಮೇಲೆ ಗಾಜನ್ನು ವಾಪಸು ಪೆಟ್ಟಿಗೆಗೆ ಇಡುವ ಮುಂಚಿನ ನೋಟ.

ಆಗ ಹೈಥಮ್ ಬಲಗೈಯನ್ನು ಹಿಡಿಕೆಯಿಂದ ಬಿಡಿಸಿ ಹೆಬ್ಬೆರಳನ್ನು ಮೇಲೆತ್ತಿದ.

ದೋಣಿಯ ಹಿಂಬದಿಯಲ್ಲಿ ಕೂತಿದ್ದ ಉಮ್ಮ್ ಹೈಥಮ್ ಅದನ್ನು ನೋಡಿದಳು. ನೋಡಿ, ಕ್ಯಾಪ್ಟನ್ನಿನ ಕಡೆ ತಿರುಗಿ ತನ್ನ ಹೆಬ್ಬೆರಳನ್ನು ಕೆಳಗೆ ಮಾಡಿದಳು. ದೋಣಿ ಇನ್ನೂ ನಿಧಾನವಾಯಿತು. ಸೋಫಾ ಹೆಚ್ಚುಕಡಿಮೆ ನಿಂತೇಹೋಯಿತು.

ಹೈಥಮ್ ಹೆಬ್ಬೆರಳನ್ನು ಇನ್ನೂ ಎತ್ತರಕ್ಕೆ ಎತ್ತಿದ. ತಾಯಿ ತನ್ನದನ್ನು ಇನ್ನೂ ಕೆಳಕ್ಕೆ ತಂದಳು. ಆಮೇಲೆ ಕ್ಯಾಪ್ಟನ್ ಶ್ತೇವಿ ಹಿಂದಕ್ಕೆ ತಿರುಗದೆಯೇ ತಲೆಯ ಮೇಲಿನ ಕನ್ನಡಿಯನ್ನು ಬೆರಳಿನಿಂದ ತಟ್ಟಿ ಅವಳಿಗೆ ಏನೋ ಹೇಳಿದ್ದು ಇನ್ಸಾಫಳಿಗೆ ಕಂಡಿತು. ಉಮ್ಮ್ ಹೈಥಮಳ ಬೆನ್ನು ನೆಟ್ಟಗಾಯಿತು. ಇಂಜಿನ್ ಗುಟುರು ಹಾಕಿತು.

ಸೋಫಾ ಹಾರಿತು ಎನ್ನಬೇಕು. ನೀರಿನ ಮೇಲೆ ಜಾರುವುದನ್ನು ಬಿಟ್ಟು ಕುಪ್ಪಳಿಸತೊಡಗಿತು. ಒಂದು ಅಲೆಯ ತಲೆಯಿಂದ ಇನ್ನೊಂದರ ತಲೆಗೆ, ನಡುವೆ ಕೆಳಗೆ ಏನೂ ಇಲ್ಲ. ಉಪ್ಪುನೀರು ಮುಖಕ್ಕೆ ಹಿಡಿಹಿಡಿಯಾಗಿ ಎರಚಿತು. ಇನ್ಸಾಫ್ ಮೊದಲು ಅಲ್ಲಾಹನನ್ನು ನೆನೆದಳು, ಆಮೇಲೆ ಕಿರುಚಿದಳು, ಕಿರುಚುತ್ತ ಕಿರುಚುತ್ತ ಅದು ನಗುವಾಗಿಬಿಟ್ಟಿತು. ಹೊಟ್ಟೆಯೊಳಗಿಂದ ಎದ್ದು ಬರುವ, ಎಷ್ಟೋ ಕಾಲದಿಂದ ನಗದ ನಗು. “ಇನ್ನೂ ಜೋರು! ಇನ್ನೂ!” ಎಂದು ಕೂಗಿದವಳು ತಾನೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎಡಗಡೆ ಹನೀನ್ ಕಾಲುಗಳನ್ನು ಗಾಳಿಗೆತ್ತಿ ಕೇಕೆ ಹಾಕುತ್ತಿದ್ದಳು. ಬಲಗಡೆ ಹೈಥಮ್ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ. ಅವನಿಗೆ ಅಷ್ಟು ಹಲ್ಲುಗಳಿವೆ ಎಂದು ಇನ್ಸಾಫಳಿಗೆ ಇವತ್ತೇ ಗೊತ್ತಾದದ್ದು.

ದೋಣಿ ದೊಡ್ಡದಾಗಿ ತಿರುಗಿ ಸ್ವಲ್ಪ ನಿಧಾನಿಸಿದಾಗ ಹನೀನ್ ಏದುಸಿರು ಬಿಡುತ್ತಲೇ ಮತ್ತೆ ಬಾಗಿದಳು. “ಹೇಳು ಹೈಥಮ್. ಈ ಮದುವೆ ಬೇಕು ಅಂದಿದ್ದು ನೀನಾ, ನಿಮ್ಮಮ್ಮನಾ?”

ಹೈಥಮನ ನಗು ನಿಂತಿತು. ತುಟಿ ಅಲುಗಿತು. ಕಣ್ಣು ಹನೀನಳತ್ತ ಹೊರಟು, ದಾರಿಯಲ್ಲಿ ಇನ್ಸಾಫಳ ಮುಖಕ್ಕೆ ತಾಗಿ, ಅಲ್ಲೇ ಕೆಳಗಿಳಿಯಿತು. “ಅದು... ಖಾಲಾ ಇದಾರೆ,” ಎಂದ ಮೆಲ್ಲಗೆ.

ಇನ್ಸಾಫಳಿಗೆ ಆಗ ಹೊಳೆಯಿತು. ಇಷ್ಟು ದಿನ ಅವಳು ಉಮ್ಮ್ ಹೈಥಮಳ ಬಾಯನ್ನೇ ಬೈದುಕೊಂಡಿದ್ದಳು. ಅಡ್ಡ ಇರುವುದು ಅದೊಂದೇ ಅಲ್ಲ, ತನ್ನ ಭುಜವೂ ಹೌದು. ದೊಡ್ಡವರ ಮುಂದೆ ಇಂಥ ಮಾತು ಎತ್ತಬಾರದೆಂದು ಕಲಿತು ಬೆಳೆದ ಹುಡುಗ. ಅವನ ತಾಯಿಯನ್ನು ದೋಣಿಯಲ್ಲಿ ಕೂರಿಸಿ ದೂರ ಮಾಡಿದ್ದಾಯಿತು; ಈ ನಡುವಿನವಳನ್ನು ದೂರ ಮಾಡುವವರು ಯಾರು? ಇನ್ಸಾಫ್ ತನ್ನ ಕಾಲದಲ್ಲಿ ಗಂಡನನ್ನು ಏನೂ ಕೇಳದೆಯೇ ಕಟ್ಟಿಕೊಂಡಿದ್ದಳು. ಜಮೀಲ್ ಒಳ್ಳೆಯವನಾಗಿದ್ದ. ಅದು ಅದೃಷ್ಟ. ಅದೃಷ್ಟವನ್ನು ನೆಚ್ಚಿಕೊಂಡು ಅಕ್ಕನ ಮಗಳಿಗೆ ಸಹಿ ಹಾಕು ಎನ್ನಲು ಬಾಯಿ ಬರುವುದಿಲ್ಲ.

ಭಾವನಿಗೆ ಕೊಟ್ಟ ಮಾತು ಅವಳಿಗೆ ನೆನಪಿತ್ತು. ನಡುವೆ ನೀನು. ಬಿಟ್ಟು ಎದ್ದು ಹೋದರೆ ಮಾತಿಗೆ ತಪ್ಪಿದ ಹಾಗೆ. ಆದರೆ ಸೋಫಾದಿಂದ ಬಿದ್ದವರನ್ನು ಯಾರು ಕೇಳುತ್ತಾರೆ?

ಮುಂದೆ ಇನ್ನೊಂದು ತಿರುವು ಬರುತ್ತಿತ್ತು. ದೋಣಿ ತಾನೇ ಎಬ್ಬಿಸಿದ ಅಲೆಗಳನ್ನು ದಾಟಿಕೊಂಡು ಸೋಫಾ ಹೊರಕ್ಕೆ ಬೀಸಿಹೋಗುವ ಜಾಗ. ಇನ್ಸಾಫ್ ಸುತ್ತ ಒಮ್ಮೆ ನೋಡಿದಳು; ಹತ್ತಿರದಲ್ಲಿ ಬೇರೆ ದೋಣಿ ಇರಲಿಲ್ಲ. ಜಾಕೆಟ್ಟಿನ ಪಟ್ಟಿ ಮುಟ್ಟಿಕೊಂಡಳು. “ಬಿಸ್ಮಿಲ್ಲಾ” ಎಂದು ಎರಡೂ ಕೈ ಬಿಟ್ಟಳು.

ಸೋಫಾ ಅವಳನ್ನು ಹಲ್ಲಿನೆಡೆಯ ಬೀಜದಂತೆ ಉಗುಳಿತು. ಆಕಾಶ, ಬೆಟ್ಟ, ತನ್ನದೇ ಪಾದ, ಮತ್ತೆ ಆಕಾಶ. ಆಮೇಲೆ ಹಸಿರು ನೀರು, ಮೂಗಿನ ತುಂಬ ಉಪ್ಪು, ಕಿವಿಯಲ್ಲಿ ಗುಳುಗುಳು. ಮರುಗಳಿಗೆಗೆ ಜಾಕೆಟ್ಟು ಅವಳನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ಬಿಸಿಲಿಗೆ ತಂದಿತು.

ಅವಳು ಕೆಮ್ಮಿ, ಮುಖ ಒರೆಸಿಕೊಂಡು, ಮೊದಲು ಸೋಫಾ ಎಲ್ಲಿದೆ ಎಂದು ನೋಡಿದಳು. ಮಗುಚಿರಲಿಲ್ಲ. ಆದರೆ ನಡುವಿನ ಭಾರ ಹೋದದ್ದೇ ಎರಡು ತುದಿಯಲ್ಲಿದ್ದವರೂ ಖಾಲಿಯಾದ ನಡುವಿಗೆ ಜಾರಿ, ಭುಜಕ್ಕೆ ಭುಜ ತಾಗಿಸಿಕೊಂಡು ಬಿದ್ದಿದ್ದರು. ಹೈಥಮ್ ಗಾಬರಿಯಿಂದ ಅವಳ ಕಡೆ ಕೈ ತೋರಿಸುತ್ತಿದ್ದ. ನೀರಿಗೆ ಹಾರಲು ಒಂದು ಕಾಲನ್ನು ಹೊರಗೂ ಹಾಕಿದ್ದ.

ಇನ್ಸಾಫ್ ತಟ್ಟನೆ ಕೈ ಎತ್ತಿದಳು. ಪೆಟ್ಟಾಗಿಲ್ಲ. ಆಮೇಲೆ, ಹೇಗೂ ಎತ್ತಿದ್ದೇನಲ್ಲ ಎಂದು, ಹೆಬ್ಬೆರಳನ್ನು ಕೆಳಗೆ ಮಾಡಿ ಕ್ಯಾಪ್ಟನ್ನಿಗೆ ತೋರಿಸಿದಳು. ನಿಧಾನ. ಅವಸರವೇನಿಲ್ಲ.

ಹೈಥಮ್ ಕಾಲನ್ನು ಒಳಗೆಳೆದುಕೊಂಡ. ದೋಣಿ ದೊಡ್ಡ ಬಳಸು ಹಾಕಿ, ಮೆಲ್ಲನೆ ಅವಳ ಕಡೆಗೆ ಬರತೊಡಗಿತು.

ನೀರು ಅದ್ಭುತವಾಗಿತ್ತು. ಇನ್ಸಾಫ್ ಬೆನ್ನಿನ ಮೇಲೆ ಮಲಗಿದಳು. ಹುಡುಗಿಯಾಗಿದ್ದಾಗ ಇದೇ ದಂಡೆಯಲ್ಲಿ ಮೀನಿನಂತೆ ಈಜಿದವಳು. ಸೊಂಟ ಮರೆತಿದ್ದರೂ ಕೈಕಾಲು ಮರೆತಿರಲಿಲ್ಲ. ಕೆಳಗೆ ಪುಟ್ಟ ಮೀನುಗಳ ಹಿಂಡೊಂದು ಅವಳ ನೆರಳಿಗೆ ಬಂದು ಸೇರಿತು. ತೀರದ ಮೇಲೆ ಭಾವ ಎದ್ದು ನಿಂತದ್ದು ಚಿಕ್ಕದಾಗಿ ಕಂಡಿತು. ಅವನಿಗೂ ಒಮ್ಮೆ ಕೈ ಬೀಸಿದಳು.

ದೋಣಿ ಹತ್ತಿರ ಬಂದು ಇಂಜಿನ್ ನಿಂತಿತು. ಇದ್ದಕ್ಕಿದ್ದಂತೆ ಎಲ್ಲ ಕಡೆ ಮೌನ. ಸೋಫಾ ಹಗ್ಗದ ಆ ತುದಿಯಲ್ಲಿ, ಗಾಳಿ ಬೀಸಿಹೋಗುವ ಕಡೆಗೆ ತೇಲುತ್ತಿತ್ತು.

“ಇನ್ಸಾಫ್! ಬದುಕಿದೀಯೇನೇ?” ಎಂದಳು ಉಮ್ಮ್ ಹೈಥಮ್, ಅಂಚಿಗೆ ಬಾಗಿ. ಇಷ್ಟು ದಿನ ನೀವು ತಾವು ಎನ್ನುತ್ತಿದ್ದವಳು ಗಾಬರಿಯಲ್ಲಿ ಅದನ್ನೆಲ್ಲ ಬಿಟ್ಟಿದ್ದಳು.

“ಬದುಕಿದೀನಿ ಕಣೇ. ನೀರು ಚೆನ್ನಾಗಿದೆ, ನೀನೂ ಬಾ.”

“ಹುಚ್ಚಿ! ಹತ್ತು ಮೇಲೆ. ಹೈಥಮ್ ಹೇಗಿದಾನೋ...” ಎಂದು ಅವಳು ಸೋಫಾದ ಕಡೆ ತಿರುಗಹೊರಟಳು.

“ಅಯ್ಯೋ, ನನ್ನ ಕಾಲು!” ಎಂದಳು ಇನ್ಸಾಫ್.

ಉಮ್ಮ್ ಹೈಥಮ್ ತಿರುಗಿ ಇತ್ತ ಬಾಗಿದಳು. “ಏನಾಯ್ತು ಕಾಲಿಗೆ?”

“ಜೋಮು ಹಿಡ್ದಂಗಿದೆ. ಇರು, ಸ್ವಲ್ಪ ಹೊತ್ತು ಹೀಗೇ ಇರ್ತೀನಿ. ನೀನು ನನ್ನ ಕೈ ಹಿಡ್ಕೊಂಡಿರು.”

ಕ್ಯಾಪ್ಟನ್ ಶ್ತೇವಿ ಒಮ್ಮೆ ಇನ್ಸಾಫ್ ಮುಖ ನೋಡಿದ. ಒಮ್ಮೆ ಕನ್ನಡಿಯಲ್ಲಿ ಸೋಫಾ ನೋಡಿದ. ಆಮೇಲೆ ಹೊಸ ಸಿಗರೇಟು ಹಚ್ಚಿ, ಏಣಿಯನ್ನು ಎಲ್ಲಿಟ್ಟಿದ್ದೇನೆ ಎಂದು ದೋಣಿಯೆಲ್ಲ ಹುಡುಕತೊಡಗಿದ. ಏಣಿ ಅವನ ಕಾಲ ಬುಡದಲ್ಲೇ ಇತ್ತು.

ಉಮ್ಮ್ ಹೈಥಮ್ ಬಳೆಗಳನ್ನು ಮೊಣಕೈಗೇರಿಸಿ ಇನ್ಸಾಫಳ ಕೈ ಹಿಡಿದುಕೊಂಡಳು. ಹಿಡಿದುಕೊಂಡು ಅಲ್ಲೇ ಅಂಚಿಗೆ ಗಲ್ಲವಿಟ್ಟಳು. “ಕನ್ನಡೀಲಿ ಎಲ್ಲಾ ಕಾಣುತ್ತಂತೆ ಆ ಮೀಸೆಯವನಿಗೆ. ಮದುಮಗ ಜೋರು ಅಂತಿದಾನೆ, ನೀವ್ಯಾಕಮ್ಮಾ ನಿಧಾನ ಅಂತೀರಿ ಅಂದ. ನನ್ನ ಮಾನ ಹೋಯ್ತು.”

“ಯಾಕೆ ಅಂದೆ ಹಾಗೆ?”

ನೀರು ದೋಣಿಯ ಪಕ್ಕೆಗೆ ತಟ್ಟುತ್ತಿತ್ತು. “ಅವನು ಮಾತಾಡೋದು ನಿಧಾನ, ಇನ್ಸಾಫ್. ಚಿಕ್ಕಂದಿನಿಂದ್ಲೂ. ಒಂದು ಮಾತು ಕೇಳಿದ್ರೆ ಒಳಗೆ ಹೋಗಿ, ಹುಡುಕಿ, ತೂಗಿ, ಆಮೇಲೆ ತರ್ತಾನೆ. ಅಷ್ಟರಲ್ಲಿ ಜನ ಎದ್ದು ಹೋಗಿರ್ತಾರೆ. ಮೇಷ್ಟ್ರೂ ಕಾಯ್ತಿರಲಿಲ್ಲ, ಅವರಪ್ಪನೂ ಕಾಯ್ತಿರಲಿಲ್ಲ. ದಡ್ಡ ಅನ್ನೋರು. ನನಗೆ ತಡೆಯೋಕಾಗ್ತಿರಲಿಲ್ಲ. ನಾನೇ ಹೇಳಿಬಿಡ್ತಿದ್ದೆ. ಹೇಳಿ ಹೇಳಿ ನನ್ನ ಬಾಯಿಗೆ ಅದೇ ಅಭ್ಯಾಸವಾಗಿ ಹೋಯ್ತು.”

ಇನ್ಸಾಫ್ ಅವಳ ಕೈಯನ್ನು ಒತ್ತಿದಳು. ಆ ಕೈಯ ಆಚೆ, ಹಗ್ಗದ ತುದಿಯಲ್ಲಿ, ಹೈಥಮ್ ತಲೆ ತಗ್ಗಿಸಿ ಕೂತಿದ್ದ. ಹನೀನ್ ಮುಖ ಅವನತ್ತ ತಿರುಗಿಸಿಕೊಂಡು ಸುಮ್ಮನೆ ಇದ್ದಳು. ಅವಸರ ಮಾಡುತ್ತಿರಲಿಲ್ಲ. ಅವನು ಬಾಯಿ ತೆರೆದ, ನಿಲ್ಲಿಸಿದ, ಮತ್ತೆ ತೆರೆದ. ಒಂದು ಕೈ ಹಿಡಿಕೆಯಿಂದ ಎದ್ದು ಗಾಳಿಯಲ್ಲಿ ಏನನ್ನೋ ಬರೆಯತೊಡಗಿತು, ಆಮೇಲೆ ಇನ್ನೊಂದು ಕೈಯೂ.

“ಕಾಲು ಹೇಗಿದೆ?” ಎಂದಳು ಉಮ್ಮ್ ಹೈಥಮ್.

“ಇನ್ನೂ ಒಂಚೂರು ಇರು,” ಎಂದಳು ಇನ್ಸಾಫ್. “ಈಗೀಗ ಸಡಿಲ ಆಗ್ತಿದೆ.”

ಹನೀನ್ ನಕ್ಕ ಸದ್ದು ನೀರಿನ ಮೇಲೆ ಬಂದಾಗ ಮಾತ್ರ ಕ್ಯಾಪ್ಟನ್ನಿಗೆ ಏಣಿ ಸಿಕ್ಕಿತು. ಇನ್ಸಾಫ್ ಹತ್ತಿದಳು. ಹತ್ತುವುದೂ ಸಣ್ಣ ಕೆಲಸವಾಗಿರಲಿಲ್ಲ. ಮೇಲಿನಿಂದ ಉಮ್ಮ್ ಹೈಥಮ್ ಎಳೆದಳು, ಕ್ಯಾಪ್ಟನ್ ಮರ್ಯಾದೆಗೆ ಮುಖ ತಿರುಗಿಸಿಕೊಂಡು ಒಂದು ಕೈ ಕೊಟ್ಟ, ದೋಣಿ ಆ ಕಡೆಗೆ ಇಷ್ಟು ವಾಲಿತು. ಆಮೇಲೆ ಹಗ್ಗ ಎಳೆದು ಸೋಫಾವನ್ನು ಹತ್ತಿರ ತಂದರು.

“ಹೊಟ್ಟೆ ತೊಳಸ್ತಿದೆಯಾ ಕಂದಾ? ಅವನಿಗೆ ಸಾಕಂತೆ, ದಡಕ್ಕೆ...” ಎಂದು ಶುರುಮಾಡಿದ ಉಮ್ಮ್ ಹೈಥಮ್ ಅಲ್ಲೇ ತನ್ನ ತುಟಿಯನ್ನು ತಾನೇ ಕಚ್ಚಿಕೊಂಡಳು.

ಎಲ್ಲರೂ ಹೈಥಮನ ಕಡೆ ನೋಡಿದರು. ಅವನು ಕಣ್ಣಿಗಿಳಿಯುತ್ತಿದ್ದ ನೀರು ಒರೆಸಿಕೊಂಡ. ಸ್ವಲ್ಪ ಹೊತ್ತು ತೆಗೆದುಕೊಂಡ. ಯಾರೂ ಏನೂ ಹೇಳಲಿಲ್ಲ, ಕ್ಯಾಪ್ಟನ್ ಕೂಡ.

“ಇಲ್ಲ ಯಮ್ಮಾ, ತೊಳಸ್ತಿಲ್ಲ. ಇನ್ನೊಂದು ಸುತ್ತು ಹೋಗೋಣ. ಖಾಲಾಗೆ ಆಗೋದಾದ್ರೆ.”

“ಖಾಲಾಗೆ ಆಗುತ್ತೆ,” ಎಂದಳು ಇನ್ಸಾಫ್. ಕಾಲಿನ ಜೋಮು ಏನಾಯಿತೆಂದು ಯಾರೂ ಕೇಳಲಿಲ್ಲ.

ಇನ್ನೊಂದು ಸುತ್ತು ಹೋದರು, ಜೋರಾಗಿಯೇ. ಈ ಸಲ ಅವಳು ಬೀಳಲಿಲ್ಲ. ದಡಕ್ಕೆ ಬಂದು ಸೋಫಾವನ್ನು ಮರಳಿನ ಮೇಲಕ್ಕೆ ಎಳೆದುಹಾಕಿದಾಗ ಅವಳ ಕಾಲಿಗೆ ನಿಜಕ್ಕೂ ಜೋಮು ಹಿಡಿದಿತ್ತು. ಅದರ ಮೇಲೇ ಒರಗಿ ಕೂತಳು. ಹೈಥಮ್ ಅಮ್ಮನ ಚಪ್ಪಲಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕೆಂಡದ ಕಡೆ ನಡೆದುಹೋ‌ಗುತ್ತಿದ್ದ. ಭಾವ ಬೀಸಣಿಗೆ ಹಿಡಿದುಕೊಂಡೇ ಎದುರು ಬಂದು ನಿಂತ.

“ಬಿದ್ಯಾ?”

“ಬಿದ್ದೆ.”

“ನಿನಗೆ ಈಜು ಚೆನ್ನಾಗಿ ಬರುತ್ತಲ್ಲ?”

“ಅದಕ್ಕೇ ಬಿದ್ದೆ. ಬರದೇ ಇದ್ದಿದ್ರೆ ಬೀಳ್ತಿದ್ನಾ?”

ಭಾವ ಅವಳನ್ನು ನೋಡಿದ. ಮಗಳನ್ನು ನೋಡಿದ. ಏನೋ ಕೇಳಬೇಕೆಂದುಕೊಂಡು, ಬೇಡವೆಂದುಕೊಂಡು, “ಮಾಂಸ ಸೀದುಹೋಗುತ್ತೆ,” ಎಂದು ಹಿಂದಿರುಗಿದ.

ಹನೀನ್ ಒದ್ದೆ ಮರಳಿನಲ್ಲಿ ಚಿಕ್ಕಮ್ಮನ ಕಾಲ ಬಳಿ ಕೂತಳು.

“ಏನಂದ?” ಎಂದಳು ಇನ್ಸಾಫ್.

“ಹೋದ ಚಳಿಗಾಲದಲ್ಲಿ ನಮ್ಮ ಅಂಗಡಿಗೆ ಬಂದು ಕಣ್ಣು ತೋರಿಸ್ಕೊಂಡಿದ್ನಂತೆ. ಕಣ್ಣು ಸರಿಯಾಗಿದೆ, ಕನ್ನಡಕ ಬೇಡ ಅಂತ ನಾನೇ ಕಳಿಸಿದ್ನಂತೆ. ಮತ್ತೆ ಬಂದ್ನಂತೆ. ಆಗ್ಲೂ ನಾನೇ ಕಳಿಸಿದ್ನಂತೆ. ನನಗೆ ನೆನಪೇ ಇಲ್ಲ ಖಾಲಾ! ಆಮೇಲೆ ಅವರಮ್ಮನಿಗೆ ಹೇಳಿದ್ದು ಅವನೇ. ಹೇಳೋಕೆ ಬಹಳ ದಿನ ಹಿಡೀತಂತೆ.”

“ಅವರಮ್ಮನಿಗೆ ಹೇಳಿದ್ನಾ? ಹಾಗಾದ್ರೆ ನನ್ನ ಅಂಗಡಿಗೆ ಅವಳು ಬಟ್ಟೆ ಹೊಲಿಸೋಕೆ ಬಂದಿದ್ದು...”

“ನಿನ್ನ ಅಕ್ಕನ ಮಗಳು ಅಂತ ವಿಚಾರಿಸ್ಕೊಂಡೇ ಬಂದಿದ್ದು.”

ಇನ್ಸಾಫ್ ಈ ಸಂಬಂಧವನ್ನು ತಾನು ಹೇಗೆ ಕುದುರಿಸಿದೆ ಎಂಬ ಕತೆಯನ್ನು ಪೇಟೆಯಲ್ಲಿ ಎಷ್ಟು ಮಂದಿಗೆ ಹೇಳಿದ್ದಳೋ. ಅಳತೆ ಪಟ್ಟಿ ತನ್ನ ಕೈಯಲ್ಲಿದ್ದರೂ ಅಳತೆ ತೆಗೆಸಿಕೊಂಡವಳು ತಾನೇ ಆಗಿದ್ದಳು.

“ಕಳ್ಳಿ,” ಎಂದಳು ಕೊನೆಗೆ, ಸಂತೋಷದಿಂದ. “ನಿಮ್ಮತ್ತೆ ಕಳ್ಳಿ ಕಣೇ. ಹಾಗಾದ್ರೆ ನಿನ್ನ ಬಾಬಾಗೆ ರಾತ್ರಿ ಹೇಳೋ ಮಾತೇನಾದ್ರೂ ಇದೆಯಾ?”

“ಇದೆ,” ಎಂದಳು ಹನೀನ್, ಎದ್ದು ಮರಳು ಕೊಡವಿಕೊಳ್ಳುತ್ತ. “ಗುರುವಾರ ಬೇಗ ಹೊರಡ್ಬೇಕು, ಲೇಟ್ ಮಾಡ್ಬೇಡಿ ಅಂತ.”

ಅವಳು ಕೆಂಡದ ಕಡೆ ಓಡಿಹೋದಳು. ಕ್ಯಾಪ್ಟನ್ ಶ್ತೇವಿ ಅಂಗಡಿ ಮುಚ್ಚುವ ಅವಸರದಲ್ಲಿ ಬಂದು, ಯಾರು ಕೂತಿದ್ದಾರೆಂದು ನೋಡದೆಯೇ ಸೋಫಾದ ಹಿಂಬದಿಯ ಮುಚ್ಚಳ ತಿರುಗಿಸಿದ. ಗಾಳಿ ಬುಸ್ಸೆಂದು ಹೊರಡತೊಡಗಿತು. ಒರಗು ಮೆತ್ತಗಾಯಿತು, ಕೆಂಪು ಪಕ್ಕೆಗಳು ಸುಕ್ಕುಗಟ್ಟಿದವು. ಇನ್ಸಾಫ್ ಏಳಲಿಲ್ಲ. ಕಾಲು ಚಾಚಿಕೊಂಡು, ಒದ್ದೆ ಬಟ್ಟೆಯಲ್ಲೇ, ಸ್ವಲ್ಪಸ್ವಲ್ಪವಾಗಿ ಬೆಚ್ಚನೆ ಮರಳಿಗೆ ಇಳಿದಳು.